ಕತ್ತರಿಸದ ಹನ್ನೊಂದು ನಿಮಿಷ

ಹಿನಕಲ್, ಮೈಸೂರು
12 ಮಾರ್ಚ್ 2024

ಅಕ್ಕಾ,

ಈ ಕಾಗದದ ಜೊತೆ ಒಂದು ಪೆನ್‌ಡ್ರೈವ್ ಇದೆ. ಅದರಲ್ಲಿ ಅಪ್ಪ ಇದ್ದಾರೆ.

ಅಪ್ಪನ ಮಣ್ಣಿಗೆ ನೀನು ಬರಲಾಗುವುದಿಲ್ಲ ಅಂತ ಮಠದಿಂದ ಫೋನ್ ಬಂದಾಗ ನಾನು ಎದುರು ಮಾತಾಡಲಿಲ್ಲ. ಹದಿನಾಲ್ಕು ವರ್ಷದ ಹಿಂದೆ ಆ ಗೋಡೆಯೊಳಗೆ ಹೋದವಳು ನೀನು. ಹೊರಗೆ ಕಾಲಿಡುವ ಹಾಗಿಲ್ಲ, ಫೋನ್ ಮುಟ್ಟುವ ಹಾಗಿಲ್ಲ, ತಿಂಗಳಿಗೆ ಒಂದೇ ಕಾಗದ. ನಿಯಮ ಅಂದಮೇಲೆ ನಿಯಮ. ಅದಕ್ಕೇ ಅಪ್ಪನನ್ನೇ ನಿನ್ನ ಹತ್ತಿರ ಕಳಿಸುತ್ತಿದ್ದೇನೆ. ನಿಮ್ಮ ಮದರ್‌ಗೆ ಬೇರೆ ಬರೆದು ಕೇಳಿಕೊಂಡಿದ್ದೆ. ಈಸ್ಟರ್ ಆದಮೇಲೆ ಒಂದು ಸಂಜೆ ಫಾದರ್ ಲ್ಯಾಪ್‌ಟಾಪ್ ತರುತ್ತಾರೆ, ಸಿಸ್ಟರುಗಳೆಲ್ಲ ಕೂತು ನೋಡಬಹುದು ಅಂತ ಒಪ್ಪಿದ್ದಾರೆ. ದೊಡ್ಡ ಮನಸ್ಸು ಅವರದು.

ಶೂಟ್ ಮಾಡಿದ್ದು ನಾನೇ. ಪ್ರಿನ್ಸ್ ಡ್ರೋನ್ ಹಾರಿಸಿದರು. ಗಂಡ ಹೆಂಡತಿ ಇಬ್ಬರೂ ಹತ್ತು ವರ್ಷದಿಂದ ಊರಿನವರ ಮದುವೆ, ನಾಮಕರಣ, ಗೃಹಪ್ರವೇಶ ಎಲ್ಲ ವಿಡಿಯೋ ಮಾಡಿದ್ದೇವೆ. ನಮ್ಮ ಅಪ್ಪನದನ್ನು ಬೇರೆಯವರ ಕೈಗೆ ಕೊಡೋಣ ಅನ್ನಿಸಲಿಲ್ಲ. ಮೂರೂವರೆ ಗಂಟೆ ಶೂಟ್ ಮಾಡಿದ್ದು, ಎಡಿಟ್ ಮಾಡಿ ಆರು ನಿಮಿಷ ಹತ್ತು ಸೆಕೆಂಡಿಗೆ ತಂದಿದ್ದೇನೆ. ಯಾವ ಶಾಟೂ ಮೂರು ಸೆಕೆಂಡ್ ದಾಟುವುದಿಲ್ಲ. ಹಿಂದೆ ಪಿಟೀಲು ಹಾಕಿಸಿದ್ದೇನೆ. ನಮ್ಮ ನೆಂಟರ ಗುಂಪಿನಲ್ಲಿ ಹಾಕಿದ್ದೇ ತಡ, ಎಲ್ಲರೂ ಅತ್ತು ಅತ್ತು ಮೆಸೇಜ್ ಮಾಡಿದರು. ಎಲ್ಲಿ ಅಳಬೇಕೋ ಸರಿಯಾಗಿ ಅಲ್ಲೇ ಅತ್ತಿದ್ದಾರೆ, ಅಷ್ಟು ಚೆನ್ನಾಗಿ ಬಂದಿದೆ.

ನೋಡಿ ಬರೆ. ಅಮ್ಮ ಚೆನ್ನಾಗಿದ್ದಾಳೆ.

ನಿನ್ನ ಸೋಫಿ


ಬೆಟ್ಟದ ಮಠ
20 ಏಪ್ರಿಲ್ 2024

ಪ್ರೀತಿಯ ಸೋಫಿ,

ಹೋದ ಭಾನುವಾರ ಸಂಜೆ ಊಟದ ಕೋಣೆಯಲ್ಲಿ ನೋಡಿದೆವು. ಹೊರಗೆ ಮಂಜು ಇಳಿದಿತ್ತು. ಹನ್ನೆರಡು ಜನ ಬೆಂಚುಗಳ ಮೇಲೆ ಸಾಲಾಗಿ ಕೂತೆವು. ನಮ್ಮ ಬ್ರಿಜೀತಮ್ಮ ಸಿಸ್ಟರ್‌ಗೆ ಎಂಬತ್ತನಾಲ್ಕು. ಕೊನೆಯ ಸಲ ಸಿನಿಮಾ ನೋಡಿದ್ದು ಹುಡುಗಿಯಾಗಿದ್ದಾಗಲಂತೆ. ನಿಮ್ಮ ಡ್ರೋನು ದೇವಾಲಯದ ಗೋಪುರದ ಮೇಲಿಂದ ಕೆಳಗೆ ಧುಮುಕಿತಲ್ಲ, ಅವರು "ಯೇಸುವೇ!" ಅಂತ ತಲೆ ತಗ್ಗಿಸಿಬಿಟ್ಟರು. ಎಲ್ಲರೂ ನಕ್ಕೆವು. ಆಮೇಲೆ ನಕ್ಕಿದ್ದಕ್ಕೆ ನಾಚಿಕೆಯಾಯಿತು.

ಕೆಲಸ ತುಂಬ ಅಚ್ಚುಕಟ್ಟಾಗಿದೆ. ನಿನ್ನ ಕೈಚಳಕ ಅಪ್ಪನಿಂದಲೇ ಬಂದಿದ್ದು. ಮುಗಿದ ಮೇಲೆ ಒಬ್ಬ ಸಿಸ್ಟರ್ ನನ್ನನ್ನು ಕೇಳಿದರು, "ಎಲ್ಲರಿಗೂ ಅಷ್ಟೊಂದು ಅವಸರ ಯಾಕೆ? ಮಳೆ ಬರೋ ಹಾಗಿತ್ತಾ?" ಅಂತ.

ನಿನ್ನ ಹತ್ತಿರ ಮುಚ್ಚಿಡುವುದಿಲ್ಲ. ನಾನು ಅಳಲಿಲ್ಲ ಸೋಫಿ. ಅಪ್ಪನ ಮುಖ ಒಂಬತ್ತು ಸಲ ಬಂತು. ಒಂಬತ್ತು ಸಲವೂ ನಾನು ಮುಂದಕ್ಕೆ ಬಾಗುವಷ್ಟರಲ್ಲಿ ಹೊರಟುಹೋಯಿತು. ಅಳು ಗಂಟಲಿಗೆ ಬರುವ ಹೊತ್ತಿಗೆ ಪರದೆಯ ಮೇಲೆ ಹೂವಿನ ಬುಟ್ಟಿ, ಇನ್ನೊಮ್ಮೆ ಬರುವ ಹೊತ್ತಿಗೆ ಯಾರದೋ ಚಪ್ಪಲಿ. ಹಾಸಿಗೆಗೆ ಹೋದಮೇಲೆ ಕಣ್ಣು ಮುಚ್ಚಿ ಅಪ್ಪನನ್ನು ನೆನೆಸಿಕೊಂಡರೆ ಚಪ್ಪಲಿಯೇ ಕಾಣಿಸಿತು.

ಉಳಿದದ್ದು ಇದೆಯಾ? ಕತ್ತರಿಸದೇ ಇರುವುದು? ಪೆಟ್ಟಿಗೆ ಮುಚ್ಚುವ ಮುಂಚಿನದು ಇದ್ದರೆ ಅಷ್ಟೇ ಸಾಕು. ನವೆಂಬರ್ ಎರಡನೇ ತಾರೀಖು, ಮೃತರ ಸ್ಮರಣೆಯ ದಿನ, ಇನ್ನೊಂದು ಸಲ ನೋಡಬಹುದು, ಅದೇ ಕೊನೆ ಅಂತ ಮದರ್ ಹೇಳಿದ್ದಾರೆ. ಅಪ್ಪನಿಗೆ ಹೋಗಿ ಬನ್ನಿ ಅಂತ ಒಂದು ಮಾತು ಹೇಳಲು ನನಗೆ ಉಳಿದಿರುವುದು ಅದೊಂದೇ ದಿನ.

ಇನ್ನೊಂದು. ಪೆಟ್ಟಿಗೆಯ ಪಕ್ಕ ಅಮ್ಮನ ತುಟಿ ಆಡುತ್ತಿತ್ತು. ಪಿಟೀಲಿನಲ್ಲಿ ಕೇಳಿಸಲಿಲ್ಲ. ಏನು ಹೇಳುತ್ತಿದ್ದಳು? ಮೇ ತಿಂಗಳಲ್ಲಿ ಎಂದಿನಂತೆ ಅವಳನ್ನು ಕರೆದುಕೊಂಡು ಬರುತ್ತೀಯಲ್ಲ?

ನಿನ್ನ ಅಕ್ಕ


ಹಿನಕಲ್
3 ಜೂನ್ 2024

ಅಕ್ಕಾ,

ನಿನ್ನ ಕಾಗದ ಓದಿ ಮೂರು ದಿನ ಮೈಯೆಲ್ಲ ಉರಿಯಿತು. ಆಮೇಲೆ ಬರೆಯೋಣ ಅಂತ ಬಿಟ್ಟೆ. ಈಗಲೂ ಉರಿ ಆರಿಲ್ಲ, ಆದರೂ ಬರೆಯುತ್ತೇನೆ.

ನಿನಗೆ ಹೊರಗಿನ ಪ್ರಪಂಚ ಗೊತ್ತಿಲ್ಲ. ಈಗ ಜನ ನೋಡುವುದು ಕಣ್ಣಿನಲ್ಲಲ್ಲ, ಹೆಬ್ಬೆರಳಿನಲ್ಲಿ. ಮೊದಲ ಐದು ಸೆಕೆಂಡಿನಲ್ಲಿ ಹಿಡಿಯಲಿಲ್ಲ ಅಂದರೆ ಬೆರಳು ಮೇಲಕ್ಕೆ ತಳ್ಳಿ ಆಯಿತು, ಮದುಮಗಳಾದರೇನು, ಹೆಣವಾದರೇನು. ಒಂದು ಶಾಟ್ ಒಂದು ಗಳಿಗೆ ಹೆಚ್ಚು ನಿಂತರೆ "ಬೋರು" ಅನ್ನುತ್ತಾರೆ. ತಾಳಿ ಕಟ್ಟುವ ಹೊತ್ತಿಗೆ ಎಷ್ಟು, ಅಕ್ಷತೆಗೆ ಎಷ್ಟು, ಅಳುವ ತಾಯಿಗೆ ಎಷ್ಟು, ಎಲ್ಲ ನನ್ನ ಬೆರಳ ತುದಿಯಲ್ಲಿದೆ. ನೆಂಟರು ಅಷ್ಟೂ ಜನ ಅತ್ತರು. ನೀನೊಬ್ಬಳು ಅಳಲಿಲ್ಲ ಅಂದರೆ ತಪ್ಪು ನನ್ನ ಎಡಿಟಿಂಗಿನದಾ?

ಅಪ್ಪನನ್ನು ಸಾವಕಾಶವಾಗಿ ನೋಡಬೇಕು ಅಂತಿದ್ದರೆ ಬರಬೇಕಿತ್ತು. ಬರೆದುಬಿಟ್ಟೆ. ಹೊಡೆದು ಹಾಕುವುದಿಲ್ಲ.

ಉಳಿದ ಫುಟೇಜ್ ಇಲ್ಲ. ಡೆಲಿವರಿ ಕೊಟ್ಟು ಮೂವತ್ತು ದಿನಕ್ಕೆ ಹಾರ್ಡ್‌ಡಿಸ್ಕ್ ಅಳಿಸಿ ಬೇರೆ ಮದುವೆಗೆ ಹಾಕುವುದು ನಮ್ಮ ಪದ್ಧತಿ. ಅಪ್ಪನದೂ ಹಾಗೇ ಆಯಿತು. ಅಮ್ಮ ಏನೂ ಹೇಳುತ್ತಿರಲಿಲ್ಲ, ಜಪ ಮಾಡುತ್ತಿದ್ದಳು.

ಮೇ ತಿಂಗಳಲ್ಲಿ ಬರಲಾಗಲಿಲ್ಲ. ಮದುವೆ ಸೀಸನ್ನು, ಒಂದು ದಿನ ಬಿಡುವಿರಲಿಲ್ಲ.

ಸೋಫಿಯಾ


ಬೆಟ್ಟದ ಮಠ
5 ಜುಲೈ 2024

ಪ್ರೀತಿಯ ಸೋಫಿ,

ನೀನು ಸರಿಯಾಗಿಯೇ ಬರೆದಿದ್ದೀಯ. ಬರದೇ ಇದ್ದವಳು ಹೀಗಿರಬೇಕಿತ್ತು, ಹಾಗಿರಬೇಕಿತ್ತು ಅನ್ನಬಾರದು. ಅಳಿಸಿಹೋಗಿದ್ದರೆ ಹೋಗಲಿ. ನನಗೆ ನೋವಾಗದಿರಲಿ ಅಂತಲೇ ನೀನು ಅಷ್ಟು ಬೇಗ ಬೇಗ ತೋರಿಸಿದೆ ಅಂತ ಈಗ ಅನ್ನಿಸುತ್ತಿದೆ. ಚಿಕ್ಕವಳಿದ್ದಾಗಲೂ ನನ್ನ ಮಂಡಿ ಗಾಯಕ್ಕೆ ಔಷಧಿ ಹಚ್ಚುವಾಗ ನೀನೇ ನನ್ನ ಕಣ್ಣು ಮುಚ್ಚುತ್ತಿದ್ದೆ.

ಇಲ್ಲಿ ದಿನಕ್ಕೊಂದು ಗಂಟೆ ನಾವು ಮಾತಿಲ್ಲದೆ ಕೂರುತ್ತೇವೆ. ಎದುರಿಗೆ ಸುಣ್ಣದ ಗೋಡೆ. ಮೊದಲ ವರ್ಷ ಅದು ಬರೀ ಗೋಡೆಯಾಗಿತ್ತು. ಈಗ ಕಿಟಕಿಯ ಬೆಳಕು ಅದರ ಮೇಲೆ ಎಡದಿಂದ ಬಲಕ್ಕೆ ಸರಿಯುವುದು ಕಾಣಿಸುತ್ತದೆ. ಮೊನ್ನೆ ಆ ಬೆಳಕಿನಲ್ಲಿ ಧೂಳು ತೇಲುತ್ತಿತ್ತು. ನೋಡುತ್ತ ನೋಡುತ್ತ ಕಣ್ಣು ಹತ್ತಿತೋ ಏನೋ, ಅಪ್ಪನ ಕ್ಯಾಬಿನ್ನಿಗೆ ಹೋಗಿಬಿಟ್ಟಿದ್ದೆ.

ಅಪ್ಪ ಟಾಕೀಸಿನಲ್ಲಿ ಆಪರೇಟರ್ ಆಗಿದ್ದಾಗ ನೀನು ಮಗು. ನನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಪುಟ್ಟ ಕಿಂಡಿಯಲ್ಲಿ ಪರದೆಯನ್ನಲ್ಲ, ಜನರನ್ನು ನೋಡಲು ಹೇಳುತ್ತಿದ್ದರು. "ಜನ ಕೆಮ್ಮೋಕೆ ಶುರು ಮಾಡಿದ್ರೆ ಸೀನು ಉದ್ದ ಆಯ್ತು ಅಂತ ಲೆಕ್ಕ. ಉಸಿರೂ ಕೇಳಿಸ್ಲಿಲ್ಲ ಅನ್ನು, ಅದನ್ನ ದೇವ್ರಾಣೆ ಮುಟ್ಬಾರ್ದು" ಅನ್ನುತ್ತಿದ್ದರು. ಆದರೆ ಒಂದು ಸಲ ಅವರೇ ಮುಟ್ಟಿದರು. ಒಂದು ಸಿನಿಮಾದಲ್ಲಿ ಒಬ್ಬ ಹೆಂಗಸು ಸುಮ್ಮನೆ ಬಾಗಿಲಲ್ಲಿ ಕೂತಿರುವ ಸೀನು ಇತ್ತು, ಎರಡು ನಿಮಿಷದ್ದು. ಕೊನೆಯ ಬಸ್ಸಿಗೆ ಜನರನ್ನು ಬಿಡಬೇಕಲ್ಲ ಅಂತ ಅಪ್ಪ ಅದನ್ನು ಕತ್ತರಿಸಿ ಡಬ್ಬಿಯಲ್ಲಿ ಹಾಕಿಟ್ಟರು. ಯಾರಿಗೂ ಗೊತ್ತಾಗಲಿಲ್ಲ. ಟಾಂಗಾ ಹೊಡೆಯುವ ಪುಟ್ಟಸ್ವಾಮಿ ಒಬ್ಬರಿಗೆ ಗೊತ್ತಾಯಿತು. ಮ್ಯಾಟ್ನಿ ಮುಗಿದ ಮೇಲೆ ಮೆಟ್ಟಿಲು ಹತ್ತಿ ಬಂದರು.

"ಗ್ಯಾನಪ್ನೋರೇ, ಆ ಯಮ್ಮ ಬಾಗ್ಲಲ್ಲಿ ಕೂತಿರೋದು ಎಲ್ಲೋಯ್ತು?"

"ಅದ್ರಲ್ಲಿ ಏನೂ ನಡಿಯಲ್ವಲ್ಲಯ್ಯ."

"ಏನೂ ನಡೀದೆ ಇರೋದು ನೋಡೋಕೇ ಸಾಮಿ ನಾನು ಬರೋದು. ದಿನವೆಲ್ಲ ಕುದ್ರೆ ಹಿಂದೆ ಓಡೋನು ನಾನು."

ಅಪ್ಪ ಡಬ್ಬಿ ತೆಗೆದು, ಆ ತುಂಡನ್ನು ಮತ್ತೆ ಅಂಟಿಸಿದರು. ಮಾರನೇ ದಿನದಿಂದ ಜನ ಕೊನೆಯ ಬಸ್ಸಿಗೆ ಓಡಿ ಹೋಗುತ್ತಿದ್ದರು.

ಇದನ್ನು ಚುಚ್ಚಲು ಬರೆದಿಲ್ಲ. ನೆನಪಾಯಿತು, ಬರೆದೆ. ಅಮ್ಮನಿಗೆ ಕಾಲುನೋವು ಹೇಗಿದೆ?

ನಿನ್ನ ಅಕ್ಕ


ಹಿನಕಲ್
30 ಆಗಸ್ಟ್ 2024

ಅಕ್ಕಾ,

ಮೊದಲು ನಗುವ ವಿಷಯ ಹೇಳಿಬಿಡುತ್ತೇನೆ. ರಾಮಕೃಷ್ಣನಗರದ ಅಲಮೇಲು ಅಮ್ಮನವರ ಮನೆಯಲ್ಲಿ ಮೊಮ್ಮಗ ಅಭಿರಾಮನ ಉಪನಯನ. ಅರಮನೆಯ ಕಾಲದಿಂದ ಬಂದ ಮನೆತನ, ಮಾತೂ ಅಷ್ಟೇ ಖಡಕ್ಕು. ಹುಡುಗ ಅಜ್ಜಿಯ ಮುಂದೆ ಭಿಕ್ಷೆಗೆ ನಿಂತಾಗ ಆಕೆ ಅಕ್ಕಿಯ ಸೇರು ಹಿಡಿದುಕೊಂಡು ಅವನನ್ನೇ ನೋಡುತ್ತ ನಿಂತುಬಿಟ್ಟರು. ಎಂದಿನ ಹಾಗೆ ಎರಡು ಸೆಕೆಂಡಿಗೆ ಕತ್ತರಿಸಲು ಹೋದೆ, ನಿನ್ನ ಟಾಂಗಾ ಪುಟ್ಟಸ್ವಾಮಿ ಬಂದು ಕೈ ಹಿಡಿದ. ನಲವತ್ತು ಸೆಕೆಂಡ್ ಹಾಗೇ ಬಿಟ್ಟೆ. ಅವರ ಮನೆಯ ಹಾಲಿನಲ್ಲಿ ಎಲ್ಲರೂ ಕೂತು ನೋಡಿದರು. ಆ ಶಾಟ್ ಬಂದಿದ್ದೇ ಸೊಸೆ ಮಾಲವಿಕಾ ಎದ್ದು ಟೀವಿ ವೈರು ಅಲ್ಲಾಡಿಸಿದಳು. "ಏನಮ್ಮಾ ಸೋಫಿಯಾ, ನಿಮ್ಮ ವಿಡಿಯೋ ಸ್ಟ್ರಕ್ ಆಗಿದೆ" ಅಂತ. ಅಲಮೇಲು ಅಮ್ಮ ಮಾತ್ರ ಕುರ್ಚಿಯಲ್ಲಿ ಮುಂದಕ್ಕೆ ಬಂದು ಕೂತು, "ಸುಮ್ನಿರೇ, ಅದು ನಾನು ಕಣೇ" ಅಂದರು. ಅಷ್ಟೂ ಹೊತ್ತು ಆಕೆ ಕಣ್ಣು ಮಿಟುಕಿಸಲಿಲ್ಲ. ಆ ಮನೆಯಲ್ಲಿ ನಾನು ಪರದೆ ನೋಡಲಿಲ್ಲ, ಅವರನ್ನೇ ನೋಡಿದೆ.

ಅವತ್ತು ಅಲ್ಲಿಂದ ಮನೆಗೆ ನಡೆದುಕೊಂಡೇ ಬಂದೆ. ದಿನವೆಲ್ಲ ಕಟ್ ಮಾಡಿ ಮಾಡಿ ನನ್ನ ಕಣ್ಣಿಗೆ ರಸ್ತೆಯೂ ತುಂಡು ತುಂಡಾಗಿ ಕಾಣುತ್ತದೆ ಅಕ್ಕ. ಹೂ ಮಾರುವವಳ ಕೈ, ಬಸ್ಸಿನ ಚಕ್ರ, ಯಾರದೋ ಬಾಯಿ. ಯಾರನ್ನೂ ಪೂರ್ತಿ ನೋಡಿದ ನೆನಪೇ ಇಲ್ಲ. ಅವತ್ತು ಮಾತ್ರ ಸಂಜೆ ಬಿಸಿಲಿನಲ್ಲಿ ಹಿನಕಲ್ಲಿನ ಒಂದು ಹಳೇ ಮನೆಯ ಜಗುಲಿಯ ಮುಂದೆ ಸುಮ್ಮನೆ ನಿಂತಿದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಆ ಮನೆಯವರು ಬಂದು ಯಾರು ಬೇಕು ಅಂತ ಕೇಳಿದರು.

ಈಗ ನಿಜ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಜೂನ್‌ನಲ್ಲಿ ನಿನ್ನ ಮೇಲೆ ಹಾರಾಡಿದೆ. ಫುಟೇಜ್ ಅಳಿಸಿಲ್ಲ. ಸುಳ್ಳು ಹೇಳಿದೆ. ಪ್ರಿನ್ಸ್ ಆ ಡಿಸ್ಕನ್ನು ಬೀರುವಿನಲ್ಲಿ ಸೀರೆಯ ಕೆಳಗೆ ಇಟ್ಟಿದ್ದಾರೆ. ಅಮ್ಮ ಜಪ ಮಾಡುತ್ತಿರಲಿಲ್ಲ. ಪೆಟ್ಟಿಗೆ ಮುಚ್ಚಲು ಬಿಡಲಿಲ್ಲ ಅವಳು. "ಮುಚ್ಬ್ಯಾಡ್ರಪ್ಪಾ, ಜೂಲಿ ಬರ್ತಾಳೆ, ದಾರೀಲವ್ಳೆ" ಅಂತ ಮುಚ್ಚಳ ಹಿಡಿದುಕೊಂಡು ನಿಂತಳು. ಬರುವುದಿಲ್ಲ ಅಂತ ಫೋನ್ ಬಂದಿದೆ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಹನ್ನೊಂದು ನಿಮಿಷ. ಫಾದರ್, ನೆಂಟರು, ಹೊರುವವರು ಎಲ್ಲರೂ ನಿಂತೇ ಇದ್ದರು. ನೀನು ಬರಲಿಲ್ಲ.

ಆರು ನಿಮಿಷದ ವಿಡಿಯೋ ಅಮ್ಮನ ಮೊಬೈಲಿಗೂ ಹಾಕಿಕೊಟ್ಟಿದ್ದೇನೆ. ಅವಳು ಅದನ್ನು ನೋಡುವುದಿಲ್ಲ. ಅಪ್ಪನ ಮುಖ ಬಂದ ತಕ್ಷಣ ಬೆರಳಿಟ್ಟು ನಿಲ್ಲಿಸಿಬಿಡುತ್ತಾಳೆ. ಸ್ಕ್ರೀನು ಆರಿಹೋಗುತ್ತದೆ, ಮತ್ತೆ ಒತ್ತುತ್ತಾಳೆ.

ಮೇನಲ್ಲಿ ಬರದೇ ಇದ್ದದ್ದು ಸೀಸನ್ನಿಗಲ್ಲ. ಅಮ್ಮ ಒಪ್ಪಲಿಲ್ಲ. "ಅವ್ಳು ಅಪ್ಪನ್ನ ನೋಡೋಕೆ ಬರ್ಲಿಲ್ಲ, ನಾನ್ಯಾಕೆ ಹೋಗ್ಲಿ ಬುಡು" ಅಂದಳು. ಈಗಲೂ ಅದೇ ಮಾತು.

ಇಷ್ಟು ಗೊತ್ತಾದ ಮೇಲೂ ಆ ಹನ್ನೊಂದು ನಿಮಿಷ ಬೇಕಾ ನಿನಗೆ?

ಸೋಫಿ


ಬೆಟ್ಟದ ಮಠ
16 ಸೆಪ್ಟೆಂಬರ್ 2024

ಸೋಫಿ,

ಬೇಕು.

ನಿನ್ನ ಕಾಗದ ಬಂದಮೇಲೆ ಎರಡು ದಿನ ನನಗೆ ಊಟ ಸೇರಲಿಲ್ಲ. ಅಮ್ಮ ಮುಚ್ಚಳ ಹಿಡಿದುಕೊಂಡು ನಿಂತಿದ್ದ ಹೊತ್ತಿಗೆ ನಾನು ಏನು ಮಾಡುತ್ತಿದ್ದೆ ಅಂತ ಲೆಕ್ಕ ಹಾಕಿದೆ. ಹಿತ್ತಲಿನಲ್ಲಿ ಹಾಸಿಗೆಯ ಹೊದಿಕೆಗಳನ್ನು ಹಿಂಡುತ್ತಿದ್ದೆ. ಮಂಜು ಎಷ್ಟು ದಟ್ಟವಾಗಿತ್ತು ಅಂದರೆ ನಾನು ಹರಡಿದ ಬಟ್ಟೆ ನನಗೇ ಕಾಣಿಸುತ್ತಿರಲಿಲ್ಲ.

ಮಧ್ಯಾಹ್ನದ ವಿಶ್ರಾಂತಿಯಲ್ಲಿ ಒಂದು ಕನಸು ಮೂರ್ನಾಲ್ಕು ಸಲ ಬಿತ್ತು. ನಾನು ನಮ್ಮ ಬೀದಿಯಲ್ಲಿ ನಡೆಯುತ್ತಿದ್ದೇನೆ, ಮನೆ ಕಾಣುತ್ತಿದೆ, ಬಾಗಿಲ ಮುಂದೆ ಜನ. ಎಷ್ಟು ನಡೆದರೂ ಬೀದಿ ಮುಗಿಯುವುದಿಲ್ಲ. ಆದರೆ ಗಾಬರಿಯಿಲ್ಲ, ಕಾಲ ಕೆಳಗೆ ಮೆತ್ತಗಿದೆ. ಎಚ್ಚರವಾದಾಗಲೇ ದುಃಖ ಬರುವುದು.

ಏನನ್ನೂ ತೆಗೆಯಬೇಡ. ಪಿಟೀಲು ಬೇಡ.

ಅಕ್ಕ


ಹಿನಕಲ್
14 ಅಕ್ಟೋಬರ್ 2024

ಅಕ್ಕಾ,

ದಸರಾ ಮುಗಿಯಿತು, ಊರು ಖಾಲಿಯಾದ ಹಾಗಿದೆ. ಪೆನ್‌ಡ್ರೈವ್ ಕಳಿಸುತ್ತಿದ್ದೇನೆ. ಒಂದೇ ಶಾಟ್, ಮೊದಲಿಂದ ಕೊನೆಯವರೆಗೆ ಒಂದು ಕಟ್ ಇಲ್ಲ. ಕ್ಯಾಮೆರಾದ ಮೈಕು ಹಿಡಿದ ಸದ್ದು ಹೇಗಿದೆಯೋ ಹಾಗೇ ಇದೆ.

ನಾನು ಅದನ್ನು ಪೂರ್ತಿ ನೋಡಿಲ್ಲ. ಫೆಬ್ರವರಿಯಲ್ಲಿ ಎಡಿಟ್ ಮಾಡುವಾಗಲೂ ಎರಡು ಕಡೆ ಕತ್ತರಿಸಿ ಮೂರು ಸೆಕೆಂಡ್ ತೆಗೆದುಕೊಂಡು ಮುಂದೆ ಹೋದೆ. ನಡುವೆ ನನ್ನ ವಿಷಯವೂ ಒಂದು ಬರುತ್ತದೆ. ಬರೆಯಲು ಕೈ ಬರುತ್ತಿಲ್ಲ. ನೀನೇ ನೋಡುತ್ತೀಯಲ್ಲ. ನೋಡಿದ ಮೇಲೆ ಬಯ್ಯುವುದಿದ್ದರೆ ಬಯ್ಯಿ, ಆದರೆ ಬರೆಯದೇ ಮಾತ್ರ ಇರಬೇಡ.

ಸೋಫಿ


ಬೆಟ್ಟದ ಮಠ
6 ನವೆಂಬರ್ 2024

ಪ್ರೀತಿಯ ಸೋಫಿ,

ನೋಡಿದೆ. ನೋಡಿದೆವು.

ಮೊದಲ ಒಂದು ನಿಮಿಷ ಕಷ್ಟವಾಯಿತು. ಬೆಂಚು ಕಿರ್ರೆಂದಿತು, ಯಾರೋ ಮೂಗು ಒರೆಸಿದರು. ನೀನು ಹೇಳಿದ ಹೆಬ್ಬೆರಳು ನಮಗೂ ಇದೆ ಅಂತ ಕಾಣುತ್ತದೆ, ಇನ್ನೇನು ಬರುತ್ತದೆ, ಮುಂದೇನು ಅಂತ ಕಣ್ಣು ಹುಡುಕುತ್ತಿತ್ತು. ಮುಂದೇನೂ ಬರಲಿಲ್ಲ. ಅಪ್ಪ ಇದ್ದರು. ಮೀಸೆ ಸಣ್ಣಗೆ ಕತ್ತರಿಸಿದ್ದಾರೆ ಯಾರೋ. ಬಲಗೈ ಬೆರಳಿನ ಮೇಲೆ ಪ್ರೊಜೆಕ್ಟರಿನೊಳಗೆ ಉರಿಯುವ ಕಾರ್ಬನ್ ಕಡ್ಡಿ ಸುಟ್ಟ ಹಳೆಯ ಕಲೆ ಹಾಗೇ ಇದೆ. ಜಪಸರದ ಶಿಲುಬೆ ಸ್ವಲ್ಪ ಓರೆಯಾಗಿತ್ತು, ಅಮ್ಮ ಸರಿಮಾಡಿದಳು, ಮತ್ತೆ ಓರೆಯಾಯಿತು. ಮೂರನೇ ನಿಮಿಷದ ಹೊತ್ತಿಗೆ ಇದು ಪರದೆ ಅನ್ನುವುದೇ ಮರೆತುಹೋಗಿತ್ತು. ಬ್ರಿಜೀತಮ್ಮ ತಾವಾಗಿಯೇ ಮೆಲ್ಲಗೆ ಜಪಸರ ಶುರುಮಾಡಿದರು. ಉಳಿದವರು ಉತ್ತರ ಕೊಟ್ಟರು. ಯಾರೂ ಹೇಳಿರಲಿಲ್ಲ. ಹೆಣ ಕೋಣೆಯಲ್ಲೇ ಇದ್ದ ಹಾಗೆ ಹನ್ನೆರಡು ಜನ ಸುತ್ತ ಕೂತು ಜಪ ಮಾಡಿದೆವು. ನಾನು ಎದ್ದು ಹೋಗಿ ಅಪ್ಪನ ಹಣೆಯ ಮೇಲೆ ಕೈ ಇಟ್ಟೆ. ಗಾಜು ಬೆಚ್ಚಗಿತ್ತು. ಮದರ್ ತಡೆಯಲಿಲ್ಲ. ಆಗ ಅತ್ತೆ ಸೋಫಿ, ಒಂಬತ್ತು ತಿಂಗಳಿನದೆಲ್ಲ ಅತ್ತೆ. ಹೋಗಿ ಬನ್ನಿ ಅಪ್ಪ ಅಂದೆ.

ಅಮ್ಮ "ಜೂಲಿ ಬರ್ತಾಳೆ" ಅನ್ನುವುದು ಕೇಳಿಸಿತು. ಏಳನೇ ನಿಮಿಷದಲ್ಲಿ ಅವಳು ಕ್ಯಾಮೆರಾದ ಕಡೆ ತಿರುಗಿದಳು. "ಸೋಫಿ, ಆ ಮಿಷನ್ನು ಕೆಳಗಿಡವ್ವ. ನೀನಾದ್ರೂ ಬಾ" ಅಂದಳು. ಕ್ಯಾಮೆರಾ ಕದಲಲಿಲ್ಲ. ನೀನು ಹೋಗಲಿಲ್ಲ. ಕೊನೆಗೆ ಪ್ರಿನ್ಸ್ ಬಂದು ಅವಳ ಭುಜ ಹಿಡಿದರು, ಅವಳೇ ಮುಚ್ಚಳ ಬಿಟ್ಟಳು.

ಇದೇ ಅಲ್ಲವಾ ನಿನಗೆ ಬರೆಯಲು ಕೈ ಬರದೇ ಇದ್ದದ್ದು? ಆದರೆ ಇನ್ನೊಂದು ನಿನಗೇ ಗೊತ್ತಿಲ್ಲ. ಪೂರ್ತಿ ನೋಡಿಲ್ಲ ಅಂದೆಯಲ್ಲ, ಪೂರ್ತಿ ಕೇಳಿಯೂ ಇಲ್ಲ ನೀನು. ಹನ್ನೊಂದು ನಿಮಿಷವೂ ಒಬ್ಬರು ಅಳುವುದು ಕೇಳಿಸುತ್ತದೆ. ಅಮ್ಮನಿಗಿಂತ, ಫಾದರ್‌ಗಿಂತ ಹತ್ತಿರದಲ್ಲಿ. ಬಾಯಿ ಬಿಗಿಹಿಡಿದು, ಮೂಗಿನಲ್ಲಿ, ಚಿಕ್ಕಂದಿನಲ್ಲಿ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅಳುತ್ತಿದ್ದ ಹಾಗೆ. "ಇದ್ಯಾರು, ಇಷ್ಟು ಹತ್ತಿರ?" ಅಂತ ಬ್ರಿಜೀತಮ್ಮ ಕೇಳಿದರು. ನನ್ನ ತಂಗಿ ಅಂದೆ. ನೀನು ಪಿಟೀಲಿನಲ್ಲಿ ಮುಚ್ಚಿದ್ದು ಬರೀ ಅಮ್ಮನ ಮಾತನ್ನಲ್ಲ.

ನೀನು ನಿಜ ಕೊಟ್ಟಮೇಲೆ ನಾನು ಸುಳ್ಳು ಇಟ್ಟುಕೊಳ್ಳಲಾರೆ. ಕೂತು ಓದು.

ನಿಯಮ ನನ್ನನ್ನು ತಡೆಯಲಿಲ್ಲ. ಅಪ್ಪ ತೀರಿಕೊಂಡ ಸುದ್ದಿ ಬಂದ ಬೆಳಿಗ್ಗೆ ಮದರ್ ನನ್ನನ್ನು ಕರೆದು, "ಬಿಷಪರ ಅಪ್ಪಣೆ ಸಿಕ್ಕಿದೆ, ಗಾಡಿಗೆ ಹೇಳಿದ್ದೇನೆ, ಹೋಗಿ ಮಣ್ಣು ಮುಗಿಸಿಕೊಂಡು ಬಾ" ಅಂದರು. ಗೇಟಿನವರೆಗೆ ಹೋದೆ. ಗಾಡಿಯ ಬಾಗಿಲು ತೆರೆದಿತ್ತು. ಒಳಗೆ ಕೂರಲಾಗಲಿಲ್ಲ. ಅಮ್ಮ ಒಮ್ಮೆ ನನ್ನ ಕೈ ಹಿಡಿದರೆ ನಾನು ಇಲ್ಲಿಗೆ ಮರಳಿ ಬರುವುದಿಲ್ಲ ಅಂತ ಹೆದರಿಕೆಯಾಯಿತು. ಹದಿನಾಲ್ಕು ವರ್ಷದ ಪ್ರಾರ್ಥನೆ ಅಷ್ಟು ತೆಳ್ಳಗಿದೆ ಅಂತ ಅವತ್ತು ಗೊತ್ತಾಯಿತು. ಬರಲಾಗುವುದಿಲ್ಲ ಅಂತ ಫೋನ್ ಮಾಡಿಸಿ ಎಂದು ಮದರ್‌ಗೆ ಹೇಳಿದವಳು ನಾನೇ. ಅಮ್ಮ ದಾರೀಲವ್ಳೆ ಅಂದಿದ್ದು ಸುಳ್ಳಲ್ಲ. ಗೇಟಿನವರೆಗೆ ದಾರಿಯಲ್ಲೇ ಇದ್ದೆ.

ಇದನ್ನು ಅಮ್ಮನಿಗೆ ಹೇಳುವುದೋ ಬಿಡುವುದೋ ನಿನಗೇ ಬಿಡುತ್ತೇನೆ. ಕತ್ತರಿಸುವುದಾದರೆ ಕತ್ತರಿಸು. ಬೇಡ ಅನ್ನುವ ಹಕ್ಕು ನನಗಿಲ್ಲ.

ನಿನ್ನ ಅಕ್ಕ


ಹಿನಕಲ್
18 ಫೆಬ್ರವರಿ 2025

ಅಕ್ಕಾ,

ಮೂರು ತಿಂಗಳು ಬರೆಯಲಿಲ್ಲ. ಬರೆದಿದ್ದೆ, ಹರಿದುಹಾಕಿದೆ. ನಾಲ್ಕು ಕಾಗದ. ಎಲ್ಲದರಲ್ಲೂ ಒಂದೇ ಮಾತು, ನೀನು ಬರಬಹುದಿತ್ತು, ಬರಬಹುದಿತ್ತು, ಬರಬಹುದಿತ್ತು. ಅಮ್ಮ ಹೆಣದ ಮುಂದೆ ನಿನ್ನ ಹೆಸರು ಕೂಗುವ ಮುಂಚೆಯೇ ನಿನ್ನ ಮುಂದೆ ಗಾಡಿ ಬಂದು ನಿಂತಿತ್ತು! ಕ್ರಿಸ್ಮಸ್ಸಿಗೆ ಕಾರ್ಡೂ ಹಾಕಲಿಲ್ಲ ನಿನಗೆ, ಬೇಕಂತಲೇ.

ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಹೆಡ್‌ಫೋನ್ ಹಾಕಿಕೊಂಡು, ಹನ್ನೊಂದು ನಿಮಿಷ ಪೂರ್ತಿ ನೋಡಿದೆ. ಹೌದು, ನಾನೇ ಅಳುತ್ತಿದ್ದೇನೆ. ಅಳುತ್ತಿದ್ದೆ ಅಂತ ನನಗೇ ನೆನಪಿರಲಿಲ್ಲ. ನೆನಪಿದ್ದದ್ದು ಬೇರೆ. ಅಮ್ಮ ನನ್ನ ಕಡೆ ತಿರುಗಿ ಬಾ ಅಂದ ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಬಂದ ಯೋಚನೆ ಇದು: ಮುಖದ ಮೇಲೆ ಬೆಳಕು ಚೆನ್ನಾಗಿ ಬಿದ್ದಿದೆ, ಅಲ್ಲಾಡಬಾರದು. ಹೆತ್ತ ತಾಯಿ ಕರೆಯುತ್ತಿದ್ದಾಗ ಹಾಗೆ ಯೋಚಿಸಿದ ಪಾಪಿ ನಾನು. ಅದನ್ನು ಮುಚ್ಚಲು ಆರು ನಿಮಿಷಕ್ಕೆ ಚೂರು ಚೂರು ಮಾಡಿದೆ, ನಿನಗೆ ನೋವಾಗದಿರಲಿ ಅಂತಲ್ಲ. ನೀನು ಒಳ್ಳೆಯವಳು, ಒಳ್ಳೆಯದೇ ಅಂದುಕೊಂಡೆ.

ಒಂಬತ್ತನೇ ತಾರೀಖು ಅಪ್ಪನ ವರ್ಷದ ಪೂಜೆ ಆಯಿತು. ಊಟ ಮಾಡಿ ನೆಂಟರೆಲ್ಲ ಹೋದಮೇಲೆ ಅಮ್ಮ ಹಿತ್ತಲ ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ನಿನ್ನ ನವೆಂಬರ್ ಕಾಗದ ತೆಗೆದುಕೊಂಡು ಹೋಗಿ ಪಕ್ಕದಲ್ಲಿ ಕೂತು ಓದಿದೆ. ಒಂದು ಸಾಲು ಬಿಡಲಿಲ್ಲ. ಗಾಡಿಯ ಬಾಗಿಲಿನ ಹತ್ತಿರ ಬಂದಾಗ ನಿಂತೆ, ಮತ್ತೆ ಓದಿದೆ. ಅಮ್ಮ ಕಾಯಿ ಬಿಡಿಸುವುದು ನಿಲ್ಲಿಸಲಿಲ್ಲ.

"ಇನ್ನೊಂದ್ಸಲ ಓದು" ಅಂದಳು. ಓದಿದೆ.

ಬಿಸಿಲು ಗೋಡೆಯಿಂದ ಇಳಿದು ಅಂಗಳಕ್ಕೆ ಬಂತು. ನನ್ನ ಅಭ್ಯಾಸ ನಿನಗೆ ಗೊತ್ತಲ್ಲ, ಮೌನ ಬಂದರೆ ಏನಾದರೂ ತುಂಬಿಬಿಡಬೇಕು. ಅವತ್ತು ನಾಲಿಗೆ ಕಚ್ಚಿಕೊಂಡು ಕೂತೆ. ಮೊರದ ತುಂಬ ಕಾಳಾದ ಮೇಲೆ ಅವಳು ಕೈ ಕೊಡವಿಕೊಂಡಳು.

"ಬಂದಿದ್ರೆ ನಾನು ವಾಪಸ್ ಕಳಿಸ್ತಿರ್ಲಿಲ್ಲ ಕಣೇ" ಅಂದಳು. "ಕಾಲು ಹಿಡ್ಕೊಂಡ್ಬುಡ್ತಿದ್ದೆ. ಅವ್ಳಿಗೆ ಗೊತ್ತು ನಾನೆಂಥೋಳು ಅಂತ."

ಆಮೇಲೆ ಅತ್ತಳು, ಸೆರಗು ಬಾಯಿಗಿಟ್ಟುಕೊಂಡು. ನಾನೂ ನನ್ನದನ್ನು ಹೇಳಿಕೊಂಡೆ, ಬೆಳಕು ಚೆನ್ನಾಗಿದೆ ಅಂದುಕೊಂಡಿದ್ದು, ಎಲ್ಲ. ಕ್ಷಮಿಸಮ್ಮ ಅಂದೆ. ಅವಳು ನನ್ನ ತಲೆಯನ್ನು ತೊಡೆಗೆ ಎಳೆದುಕೊಂಡು, "ಆ ಡಬ್ಬದ ಹಿಂದೆ ನೀನು ಅಳ್ತಿದ್ದೀಯ ಅಂತ ನಂಗೆ ಕೇಳಿಸ್ಲೇ ಇಲ್ವಲ್ಲೇ ಮಗ" ಅಂದಳು. ಕೂದಲಿಗೆಲ್ಲ ಅವರೆಕಾಯಿಯ ವಾಸನೆ ಹತ್ತಿತು.

ಈಸ್ಟರಿಗೆ ಮುಂಚಿನ ಉಪವಾಸದ ತಪಸ್ಸುಕಾಲ ಶುರುವಾಗುವುದರೊಳಗೆ, ಮಾರ್ಚ್ ಒಂದು, ಶನಿವಾರ ಬರುತ್ತಿದ್ದೇವೆ. ನಾವಿಬ್ಬರೇ. ಮದರ್‌ಗೆ ಬರೆದಾಗಿದೆ, ಅರ್ಧ ಗಂಟೆ ಕೊಟ್ಟಿದ್ದಾರೆ. ಅಮ್ಮ ನಾಲ್ಕು ದಿನದಿಂದ ಯಾವ ಸೀರೆ ಉಡಲಿ ಅಂತ ನನ್ನ ತಲೆ ತಿನ್ನುತ್ತಿದ್ದಾಳೆ. ಏನು ಮಾತಾಡಲಿ ಅಂತ ಮಾತ್ರ ಕೇಳಿಲ್ಲ.

ನಿಮ್ಮ ಭೇಟಿ ಕೋಣೆಯ ಕಂಬಿಯ ಆಚೆ ಬಂದು ಕೂತು ಅವಳು ಬಾಯಿಯೇ ತೆರೆಯದಿದ್ದರೆ ಗಾಬರಿಯಾಗಬೇಡ. ಕಾಲುನೋವು ಹೇಗಿದೆ, ಪ್ರಯಾಣ ಹೇಗಾಯಿತು ಅಂತ ನೀನೂ ಶುರುಮಾಡಬೇಡ. ನಾನೂ ಮಾತಾಡುವುದಿಲ್ಲ. ಅರ್ಧ ಗಂಟೆ ಅವಳು ನಿನ್ನನ್ನು ನೋಡಲಿ.

ಸೋಫಿ